ಕಳ್ಳ ಕೀಲಿಕೈ: ಹಾರ್ಮೋನಿನ ವೇಷ ಹಾಕುವ ರಾಸಾಯನಿಕಗಳು, ನಮ್ಮ ಅಡುಗೆಮನೆ, ನಮ್ಮ ಹೊಲ

ಹೋದ ವರ್ಷ ಸಿಂಧನೂರಿನ ನಮ್ಮ ಚಿಗವ್ವನ ಎದೆಯಲ್ಲಿ ಗಂಟು ಸಿಕ್ಕಿತು. ಆಪರೇಷನ್ ಆಯಿತು, ಕೈಗೆ ಒಂದು ದಪ್ಪ ಫೈಲ್ ಬಂತು. ಅದರಲ್ಲಿ ಒಂದು ಹಾಳೆಯ ಮೇಲೆ 'ಇಆರ್ ಪಾಸಿಟಿವ್' ಅಂತ ಬರೆದಿತ್ತು. ಹಾಗಂದರೆ ಏನು ಅಂತ ದವಾಖಾನೆಯಲ್ಲಿ ಯಾರೂ ಕೂತು ಹೇಳಲಿಲ್ಲ. ಸಾಲು ಅಷ್ಟುದ್ದ ಇತ್ತು, ಅವರಾದರೂ ಏನು ಮಾಡಿಯಾರು. ಪಕ್ಕದ ಮಂಚದವರ ಕಡೆಯ ಒಬ್ಬ ಹೆಣ್ಣುಮಗಳು ಮಾತ್ರ ಫೋನಿನಲ್ಲಿ ಯಾವುದೋ ವಿಡಿಯೊ ತೋರಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಉಂಡರೆ ಹೀಗೇ ಆಗೋದು ಅಂದಳಂತೆ. ಮನೆಗೆ ಬಂದ ಚಿಗವ್ವ ನನ್ನನ್ನು ಕೇಳಿದ್ದು ಒಂದೇ ಮಾತು.

"ಅಲ್ಲ ಯವ್ವಾ, ಹೊಲಕ್ಕ ಡಬ್ಬ್ಯಾಗ ಬುತ್ತಿ ಒಯ್ದಿದ್ದಕ್ಕ ಬಂತೇನು ಇದು?"

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಡಾಕ್ಟರಲ್ಲ. ಆದರೂ ಓದಿ ತಿಳಿದುಕೊಂಡು ಅವಳಿಗೆ ಎರಡು ಮಾತು ಹೇಳಿದೆ. ಒಂದು, ಡಬ್ಬಿಯಿಂದಲೇ ಬಂತು ಅಂತ ಜಗತ್ತಿನ ಯಾವ ಡಾಕ್ಟರೂ ಹೇಳೋಕೆ ಆಗಲ್ಲ, ಹಾಗಾಗಿ ನಿನ್ನನ್ನು ನೀನು ಬೈದುಕೊಳ್ಳೋದು ಬಿಡು. ಎರಡು, ಡಬ್ಬಿಯನ್ನಂತೂ ಬದಲಿಸೋಣ. ಕೇಳಿದವರಿಗೆ ಇವೆರಡೂ ಒಂದಕ್ಕೊಂದು ಸರಿಹೊಂದಲ್ಲ ಅನ್ನಿಸುತ್ತದೆ. ಹೊಂದುತ್ತವೆ. ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ. ಮೊದಲ ಮೂರು ಹೆಜ್ಜೆ ತಲೆಗೆ, ಉಳಿದವು ಕೈಗೆ. ತಲೆಯ ಕೆಲಸ ಬಿಟ್ಟು ನೇರ ಕೈಗೆ ಹಾರಿದರೆ, ನಾಳೆ ಇನ್ನೊಂದು ವಿಡಿಯೊ ಬಂದಾಗ ಮತ್ತೆ ಗಾಬರಿ ಆಗ್ತೀರಿ.

ಹೆಜ್ಜೆ 1: ಕೀಲಿ ಯಾವುದು, ಕೀಲಿಕೈ ಯಾವುದು ತಿಳಿದುಕೊಳ್ಳಿ

ನಮ್ಮ ಕಡೆ ಕೀಲಿ ಅಂದರೆ ಬೀಗ. ಅದನ್ನು ತೆರೆಯೋದು ಕೀಲಿಕೈ. ಬೆಂಗಳೂರಿನವರಿಗೆ ಇದು ಉಲ್ಟಾ ಕೇಳಿಸಬಹುದು, ಇರಲಿ.

ಈಸ್ಟ್ರೋಜನ್ ಅನ್ನೋದು ಒಂದು ಹಾರ್ಮೋನು. ರಕ್ತದ ಜೊತೆ ಮೈಯೆಲ್ಲ ತಿರುಗುತ್ತದೆ. ಸ್ತನದ ಕೆಲವು ಜೀವಕೋಶಗಳ ಒಳಗೆ ಅದಕ್ಕೆಂದೇ ಕಾದು ಕೂತ ಒಂದು ಪ್ರೋಟೀನ್ ಇರುತ್ತದೆ, ಅದಕ್ಕೆ ಈಸ್ಟ್ರೋಜನ್ ರಿಸೆಪ್ಟರ್, ಚಿಕ್ಕದಾಗಿ ಇಆರ್ ಅಂತಾರೆ. ಇದೇ ಕೀಲಿ. ಈಸ್ಟ್ರೋಜನ್ ಬಂದು ಅದರಲ್ಲಿ ಕೂತರೆ, ಅಂಥ ಎರಡು ರಿಸೆಪ್ಟರ್ ಜೋಡಿಯಾಗಿ ಹೋಗಿ ಡಿಎನ್‌ಎ ಮೇಲೆ ಕೂರುತ್ತವೆ. ಆಗ 'ಬೆಳೆ, ಎರಡಾಗು' ಅನ್ನುವ ಜೀನ್‌ಗಳು ಚಾಲೂ ಆಗುತ್ತವೆ. ಹುಡುಗಿ ದೊಡ್ಡವಳಾಗುವಾಗ, ತಿಂಗಳು ತಿಂಗಳು, ಬಸಿರಿನಲ್ಲಿ, ಸ್ತನ ಬೆಳೆಯೋದು ಇದರಿಂದಲೇ. ಅಲ್ಲಿವರೆಗೆ ಏನೂ ತೊಂದರೆ ಇಲ್ಲ.

ಕ್ಯಾನ್ಸರ್ ಆದ ಕೋಶದಲ್ಲೂ ಈ ಕೀಲಿ ಉಳಿದಿದ್ದರೆ ಅದನ್ನು ಇಆರ್ ಪಾಸಿಟಿವ್ ಅಂತಾರೆ. ಜಗತ್ತಿನ ಲೆಕ್ಕದಲ್ಲಿ ಸ್ತನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 70 ಈ ಜಾತಿಯವು. ನಮ್ಮ ದೇಶದಲ್ಲಿ ಈ ಪಾಲು ಸ್ವಲ್ಪ ಕಡಿಮೆ. ಇಂಥ ಕೋಶಕ್ಕೆ ಈಸ್ಟ್ರೋಜನ್ ಸಿಗೋದು ಅಂದರೆ ಗದ್ದೆಗೆ ಕಾಲುವೆ ನೀರು ಬಿಟ್ಟ ಹಾಗೆ. ಬೆಳೆಗೂ ನೀರು, ಕಳೆಗೂ ನೀರು.

ಈಗ ಕಳ್ಳ ಕೀಲಿಕೈಗೆ ಬರೋಣ. ಈಸ್ಟ್ರೋಜನ್ನಿನ ಒಂದು ತುದಿಯಲ್ಲಿ ಆರು ಇಂಗಾಲದ ಉಂಗುರ ಇದೆ, ಅದಕ್ಕೆ ಅಂಟಿಕೊಂಡು ಆಮ್ಲಜನಕ ಮತ್ತು ಜಲಜನಕದ ಒಂದು ಸಣ್ಣ ತುಣುಕು. ರಿಸೆಪ್ಟರ್ ಮುಖ್ಯವಾಗಿ ಗುರುತು ಹಿಡಿಯೋದು ಇದನ್ನೇ. ಗಟ್ಟಿ ಪ್ಲಾಸ್ಟಿಕ್ ಮಾಡೋಕೆ ಬಳಸುವ ಬಿಸ್ಫೆನಾಲ್ ಎ, ಅಂದರೆ ಬಿಪಿಎ, ಅದರಲ್ಲೂ ಇಂಥದೇ ಉಂಗುರ ಇದೆ. ನೊನೈಲ್‌ಫೀನಾಲ್ ಅನ್ನುವ ಇನ್ನೊಂದು ರಾಸಾಯನಿಕದಲ್ಲೂ ಇದೆ. ಹಾಗಾಗಿ ಪೂರ್ತಿ ಹೊಂದದಿದ್ದರೂ ಕೀಲಿಯೊಳಗೆ ತೂರಿ ಅರ್ಧ ತಿರುಗಿಸಿಬಿಡುತ್ತವೆ.

ಇದು ಹೊಸ ಸುದ್ದಿ ಏನಲ್ಲ. ಬಿಪಿಎಗೆ ಈಸ್ಟ್ರೋಜನ್ನಿನ ಗುಣ ಇದೆ ಅಂತ ಲಂಡನ್ನಿನ ಚಾರ್ಲ್ಸ್ ಡಾಡ್ಸ್ 1936ರಲ್ಲೇ ತೋರಿಸಿದ್ದರು. ಹಾರ್ಮೋನ್ ಔಷಧಿ ಹುಡುಕುವಾಗ ಸಿಕ್ಕಿದ್ದು ಅದು. 1938ರಲ್ಲಿ ಅವರಿಗೆ ಅದಕ್ಕಿಂತ ಎಷ್ಟೋ ಜೋರಾದ, ಡಿಇಎಸ್ ಅನ್ನುವ ಕೃತಕ ಈಸ್ಟ್ರೋಜನ್ ಸಿಕ್ಕಿತು, ಬಿಪಿಎ ಮೂಲೆಗೆ ಹೋಯಿತು. ಡಿಇಎಸ್ ಅನ್ನು ಅಮೆರಿಕದಲ್ಲಿ ಬಸುರಿಯರಿಗೆ ಮಾತ್ರೆಯಾಗಿ ಕೊಟ್ಟರು. 1971ರಲ್ಲಿ ಕೊಡಬೇಡಿ ಅಂತ ಎಚ್ಚರಿಕೆ ಬರುವಷ್ಟರಲ್ಲಿ ಲಕ್ಷಗಟ್ಟಲೆ ಹೆಂಗಸರು ನುಂಗಿ ಆಗಿತ್ತು. ನುಂಗಿದ ತಾಯಂದಿರಲ್ಲೂ, ಆಗ ಹೊಟ್ಟೆಯಲ್ಲಿದ್ದ ಹೆಣ್ಣುಮಕ್ಕಳಲ್ಲೂ ಮುಂದೆ ಸ್ತನ ಕ್ಯಾನ್ಸರಿನ ಅಪಾಯ ಜಾಸ್ತಿ ಕಂಡಿತು. ಮೂಲೆಗೆ ಹೋಗಿದ್ದ ಬಿಪಿಎ 1950ರ ದಶಕದಲ್ಲಿ ಪ್ಲಾಸ್ಟಿಕ್ ಮಾಡೋಕೆ ಬೇಕಾಗಿ ವಾಪಸ್ ಬಂತು. ಔಷಧಿ ಆಗಬೇಕಿದ್ದದ್ದು ನೀರಿನ ಬಾಟಲಿ ಆಯಿತು, ನೋಡಿ.

ಹೆಜ್ಜೆ 2: ಬಾಸ್ಟನ್ನಿನ ಆ ಟ್ಯೂಬಿನ ಕಥೆ ನೆನಪಿಟ್ಟುಕೊಳ್ಳಿ

ನಾನು ಮಕ್ಕಳಿಗೆ ಪಾಠ ಬಿಟ್ಟು ಕಥೆ ಹೇಳ್ತೀನಿ ಅಂತ ಹೆಸರು. ಆದರೆ ಈ ಕಥೆ ಇಲ್ಲದೆ ಮುಂದಿನದೆಲ್ಲ ಸುಮ್ನೆ ಉಪದೇಶ ಆಗುತ್ತದೆ.

ಸ್ತನ ಕ್ಯಾನ್ಸರ್ ಸಂಶೋಧನೆಯಲ್ಲಿ ಎಂಸಿಎಫ್-7 ಅನ್ನುವ ಕೋಶಗಳು ತುಂಬ ಹೆಸರುವಾಸಿ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಒಬ್ಬ ಕ್ರೈಸ್ತ ಸನ್ಯಾಸಿನಿಗೆ ಈ ಕಾಯಿಲೆ ಬಂದಿತ್ತು. ಅವರ ಎದೆಗೂಡಿನಲ್ಲಿ ತುಂಬಿದ ನೀರಿನಿಂದ ತೆಗೆದ ಕೋಶಗಳಿವು, 1973ರಲ್ಲಿ ಜಗತ್ತಿಗೆ ಪರಿಚಯವಾದವು. ಆ ತಾಯಿ ಹೋಗಿ ಐವತ್ತು ವರ್ಷ ದಾಟಿತು, ಕೋಶಗಳು ಇವತ್ತಿಗೂ ಲ್ಯಾಬುಗಳಲ್ಲಿ ಬೆಳೆಯುತ್ತಿವೆ. ಇವುಗಳಲ್ಲಿ ಈಸ್ಟ್ರೋಜನ್ನಿನ ಕೀಲಿ ತುಂಬಿಕೊಂಡಿದೆ. ಇದ್ದಿಲಿನಲ್ಲಿ ಸೋಸಿ ಹಾರ್ಮೋನ್ ತೆಗೆದ ಸೀರಮ್ಮಿನಲ್ಲಿ (ರಕ್ತದ ತಿಳಿ ಭಾಗದಲ್ಲಿ) ಇಟ್ಟರೆ ಸುಮ್ಮನಿರುತ್ತವೆ. ಒಂದು ಚೂರು ಈಸ್ಟ್ರೋಜನ್ ಹಾಕಿದರೆ ಸರಸರ ಹೆಚ್ಚುತ್ತವೆ.

ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ಆನಾ ಸೊಟೊ ಮತ್ತು ಕಾರ್ಲೋಸ್ ಸೊನ್ನೆನ್‌ಶೈನ್ ಇದೇ ಕೆಲಸ ಮಾಡುತ್ತಿದ್ದರು. 1980ರ ದಶಕದ ಕೊನೆಗೆ ಒಂದು ದಿನ ಲೆಕ್ಕ ತಪ್ಪಿತು. ಹಾರ್ಮೋನ್ ಹಾಕದ ತಟ್ಟೆಗಳಲ್ಲೂ ಕೋಶಗಳು ಹೆಚ್ಚಿಬಿಟ್ಟಿದ್ದವು! ಯಾರೋ ಕೈತಪ್ಪಿ ಹಾಕಿರಬೇಕು ಅಂತ ಹುಡುಕಿದರು, ಎಲ್ಲ ತೊಳೆದರು, ಒಂದೊಂದೇ ಸಾಮಾನು ಬದಲಿಸುತ್ತ ಹೋದರು, ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡರು. ಕೊನೆಗೆ ಸಿಕ್ಕಿಬಿದ್ದದ್ದು ಸೀರಮ್ ತುಂಬಿಡುತ್ತಿದ್ದ ಪ್ಲಾಸ್ಟಿಕ್ ಟ್ಯೂಬು. ತಯಾರಕರು ಟ್ಯೂಬು ಸುಲಭಕ್ಕೆ ಒಡೆಯದಿರಲಿ ಅಂತ ಪ್ಲಾಸ್ಟಿಕ್ಕಿನ ಮಿಶ್ರಣ ಬದಲಿಸಿದ್ದರು. ಏನು ಸೇರಿಸಿದ್ದೀರಿ ಅಂತ ಕೇಳಿದರೆ ಅದು ವ್ಯಾಪಾರದ ಗುಟ್ಟು ಅಂದರು. ಇವರೇ ಕೂತು ಬೇರ್ಪಡಿಸಿ ನೋಡಿದಾಗ ಸಿಕ್ಕಿದ್ದು ನೊನೈಲ್‌ಫೀನಾಲ್. 1991ರಲ್ಲಿ ಪ್ರಕಟಿಸಿದರು.

ಎರಡು ವರ್ಷಕ್ಕೆ, 1993ರಲ್ಲಿ, ಸ್ಟ್ಯಾನ್‌ಫರ್ಡ್‌ನಲ್ಲೂ ಹೆಚ್ಚುಕಡಿಮೆ ಇದೇ ಆಯಿತು. ಅಲ್ಲಿ ಬಿಪಿಎಯಿಂದ ಮಾಡುವ ಪಾಲಿಕಾರ್ಬನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಫ್ಲಾಸ್ಕನ್ನು ಬಿಸಿ ಹಬೆಯಲ್ಲಿ ಶುದ್ಧ ಮಾಡುತ್ತಿದ್ದರು, ಅದರೊಳಗಿನ ನೀರಿಗೆ ಬಿಪಿಎ ಇಳಿದಿತ್ತು. ಇನ್ನೊಂದು ತಮಾಷೆ ಕೇಳಿ. ಕೋಶ ಬೆಳೆಸುವ ದ್ರವಕ್ಕೆ ಫೀನಾಲ್ ರೆಡ್ ಅನ್ನುವ ಕೆಂಪು ಬಣ್ಣ ಹಾಕುವ ರೂಢಿ ಇತ್ತು. ಅದರ ಜೊತೆಗೂ ಸಣ್ಣ ಈಸ್ಟ್ರೋಜನ್ ಗುಣ ಬರುತ್ತಿತ್ತು ಅಂತ 1986ರಲ್ಲಿ ಗೊತ್ತಾಯಿತು. ಅಲ್ಲಿವರೆಗೆ ಎಷ್ಟು ಲ್ಯಾಬುಗಳ ಲೆಕ್ಕ ಕೆಟ್ಟಿತ್ತೋ.

ಆಮೇಲೆ ಅವರೆಲ್ಲ ಏನು ಮಾಡಿದರು? ಭಯಪಟ್ಟು ಲ್ಯಾಬ್ ಮುಚ್ಚಲಿಲ್ಲ. ಟ್ಯೂಬು ಬದಲಿಸಿದರು. ಬಿಸಿ ತಾಗುವಲ್ಲಿ ಗಾಜು ತಂದರು. ಬಣ್ಣ ಬಿಟ್ಟರು. ನಮ್ಮ ಅಡುಗೆಮನೆಗೂ ನಾನು ಹೇಳೋದು ಇಷ್ಟನ್ನೇ.

ಹೆಜ್ಜೆ 3: ಸುದ್ದಿ ಬಂದಾಗ ಕೇಳಬೇಕಾದ ಪ್ರಶ್ನೆಗಳು

'ಶಾಂಪೂವಿನಿಂದ ಕ್ಯಾನ್ಸರ್' ಅಂತ ವಾಟ್ಸಾಪ್‌ನಲ್ಲಿ ಬಂತು ಅಂದುಕೊಳ್ಳಿ. ಮೊದಲು ಕೇಳಿ: ಇದು ತಟ್ಟೆಯ ಕೋಶದಲ್ಲಿ ಕಂಡದ್ದೋ, ಇಲಿಯಲ್ಲೋ, ಹೆಂಗಸರಲ್ಲೋ? ತಟ್ಟೆಯ ಕೋಶಕ್ಕೆ ಯಕೃತ್ತು ಇಲ್ಲ, ಮೂತ್ರಪಿಂಡ ಇಲ್ಲ. ನಮಗಿದೆ. ಬಾಯಿಂದ ಹೋದ ಬಿಪಿಎಯನ್ನು ದೇಹ ಕೆಲವೇ ಗಂಟೆಗಳಲ್ಲಿ ಮೂತ್ರದಲ್ಲಿ ಹೊರಹಾಕುತ್ತದೆ. ತೊಂದರೆ ಏನೆಂದರೆ ನಾವು ದಿನಾ ಮತ್ತೆ ತುಂಬುತ್ತಿರುತ್ತೇವೆ.

ಎರಡನೆಯದು, ಎಷ್ಟು ಪ್ರಮಾಣ? ರಿಸೆಪ್ಟರಿಗೆ ಅಂಟುವ ಬಲದಲ್ಲಿ ಬಿಪಿಎ ನಿಜವಾದ ಈಸ್ಟ್ರೋಜನ್ನಿಗಿಂತ ಸಾವಿರ ಪಟ್ಟಿಗೂ ಮೀರಿ ದುರ್ಬಲ. ಇದನ್ನು ಕೇಳಿ ನಿರಾಳ ಆಗೋರೂ ಇದ್ದಾರೆ. ನಾನು ಪೂರ್ತಿ ನಿರಾಳ ಆಗಲ್ಲ. ಯಾಕೆಂದರೆ ಕಳ್ಳ ಕೀಲಿಕೈ ಒಂದೇ ಇರಲ್ಲ, ಗೊಂಚಲೇ ಇರುತ್ತದೆ. 2002ರಲ್ಲಿ ಆಂಡ್ರಿಯಾಸ್ ಕೊರ್ಟೆನ್‌ಕಾಂಪ್ ತಂಡದವರು ಎಂಟು ದುರ್ಬಲ ರಾಸಾಯನಿಕ ತಗೊಂಡರು. ಒಂದೊಂದನ್ನೂ ಏನೂ ಪರಿಣಾಮ ಕಾಣದಷ್ಟು ಕಡಿಮೆ ಹಾಕಿದರು, ಆದರೆ ಎಂಟನ್ನೂ ಒಟ್ಟಿಗೆ. ಪರಿಣಾಮ ಚೆನ್ನಾಗೇ ಕಂಡಿತು. ಅದು ಯೀಸ್ಟ್ ಕೋಶದ ಪರೀಕ್ಷೆ, ಅದನ್ನೂ ಹೇಳಿಬಿಡುತ್ತೇನೆ.

ಇನ್ನು 'ಜಾಸ್ತಿ ಇದ್ದರೆ ಜಾಸ್ತಿ ಕೆಡುಕು' ಅನ್ನೋದು ಹಾರ್ಮೋನಿನ ವಿಷಯದಲ್ಲಿ ಯಾವಾಗಲೂ ನಿಜ ಅಲ್ಲ. ನಮ್ಮ ಕಡೆ ಗೆದ್ದಲಿಗೂ ಹೊಡೆಯುವ ಕ್ಲೋರ್‌ಪೈರಿಫಾಸ್ ಗೊತ್ತಲ್ವಾ? ಅರ್ಜೆಂಟೀನಾದಲ್ಲಿ ಅದನ್ನು ಎಂಸಿಎಫ್-7 ಮೇಲೆ ನೋಡಿದಾಗ, ಕಡಿಮೆ ಪ್ರಮಾಣದಲ್ಲಿ ಕೋಶಗಳು ಹೆಚ್ಚಿದವು, ಜಾಸ್ತಿ ಹಾಕಿದಾಗ ಬೆಳವಣಿಗೆ ನಿಂತಿತು.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು: ಯಾವ ವಯಸ್ಸಿನಲ್ಲಿ ತಾಗಿತು? ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಕಡೆ 1959ರಿಂದ 1967ರವರೆಗೆ ಬಸುರಿಯರ ರಕ್ತ ತೆಗೆದು ಜೋಪಾನವಾಗಿ ಇಟ್ಟಿದ್ದರು. 2007ರಲ್ಲಿ ಬಂದ ವರದಿ ಆ ತಾಯಂದಿರ ಬಗ್ಗೆ. ಡಿಡಿಟಿ ಬಳಕೆ ಶುರುವಾದಾಗ ಇನ್ನೂ ಹದಿನಾಲ್ಕು ತುಂಬದ ಹುಡುಗಿಯರಾಗಿದ್ದವರಲ್ಲಿ, ರಕ್ತದಲ್ಲಿ ಡಿಡಿಟಿ ಜಾಸ್ತಿ ಇದ್ದವರಿಗೆ ಸ್ತನ ಕ್ಯಾನ್ಸರ್ ಅಪಾಯ ಐದು ಪಟ್ಟು. ಆಗಲೇ ದೊಡ್ಡವರಾಗಿದ್ದವರಲ್ಲಿ ಹಾಗೆ ಕಾಣಲಿಲ್ಲ. 2015ರ ವರದಿ ಅವರ ಹೆಣ್ಣುಮಕ್ಕಳ ಬಗ್ಗೆ. ಬಸಿರಿನಲ್ಲಿ ತಾಯಿಯ ರಕ್ತದಲ್ಲಿ ಒಂದು ಬಗೆಯ ಡಿಡಿಟಿ ಜಾಸ್ತಿ ಇದ್ದ ಮಗಳಿಗೆ ಐವತ್ತರ ಆಸುಪಾಸಿನಲ್ಲಿ ಅಪಾಯ ಸುಮಾರು ನಾಲ್ಕು ಪಟ್ಟು. ಆ ಬಗೆಯ ಡಿಡಿಟಿಯೇ ಈಸ್ಟ್ರೋಜನ್ ಕೀಲಿಗೆ ಕೂರುವುದು. ಇದು ತಟ್ಟೆಯ ಕೋಶ ಅಲ್ಲ, ಇಲಿ ಅಲ್ಲ, ಹೆಂಗಸರು. ಹಾಗಾಗಿ ನನ್ನ ಲೆಕ್ಕದಲ್ಲಿ ಮನೆಯಲ್ಲಿ ಬದಲಾವಣೆ ಮಾಡೋಕೆ ಹೊರಟರೆ ಮೊದಲ ಪಾಲು ಬಸುರಿಗೆ, ಎರಡನೆಯದು ಎಂಟರಿಂದ ಹದಿನಾಲ್ಕರ ಹುಡುಗಿಯರಿಗೆ. ಅರವತ್ತರ ಅತ್ತೆ ಪ್ಲಾಸ್ಟಿಕ್ ಚೊಂಬು ಬಿಡಲ್ಲ ಅಂತ ಜಗಳ ತೆಗೆಯಬೇಡಿ.

ನಾಲ್ಕನೆಯದು, ಸಿಕ್ಕಿತು ಅನ್ನೋದಕ್ಕೂ ಅದೇ ಕಾರಣ ಅನ್ನೋದಕ್ಕೂ ವ್ಯತ್ಯಾಸ ಇದೆ. 2004ರಲ್ಲಿ ಇಂಗ್ಲೆಂಡಿನ ಫಿಲಿಪಾ ಡಾರ್ಬ್ರೆ 20 ಸ್ತನ ಗಡ್ಡೆಗಳಲ್ಲಿ ಪ್ಯಾರಾಬೆನ್ ಇದೆ ಅಂತ ತೋರಿಸಿದರು. ಕ್ರೀಮು ಲೋಶನ್ನು ಕೆಡದಂತೆ ಹಾಕುವ ವಸ್ತು ಅದು, ಅದಕ್ಕೂ ಸಣ್ಣ ಈಸ್ಟ್ರೋಜನ್ ಗುಣ ಇದೆ. ಪತ್ರಿಕೆಗಳಲ್ಲಿ ದೊಡ್ಡ ಗದ್ದಲ ಆಯಿತು. ಆದರೆ ಅದೇ ಸ್ತನದ ಗಡ್ಡೆ ಇಲ್ಲದ ಭಾಗವನ್ನು ಅದರಲ್ಲಿ ಹೋಲಿಸಿ ನೋಡಿರಲಿಲ್ಲ.

ಹೆಜ್ಜೆ 4: ಅಡುಗೆಮನೆಯಲ್ಲಿ ಬಿಸಿ, ಎಣ್ಣೆ, ಹುಳಿ ಹುಡುಕಿ

ಪ್ಲಾಸ್ಟಿಕ್ ಕಂಡಲ್ಲೆಲ್ಲ ಬಿಸಾಡೋಕೆ ಹೋಗಬೇಡಿ, ಆಗಲ್ಲ. ಪ್ಲಾಸ್ಟಿಕ್ಕಿಗೆ ಬಿಸಿ ತಾಗುವುದು ಎಲ್ಲಿ, ಎಣ್ಣೆ ಅಥವಾ ಹುಳಿ ತಿಂಗಳುಗಟ್ಟಲೆ ಕೂರುವುದು ಎಲ್ಲಿ, ಅದನ್ನಷ್ಟೇ ನೋಡಿ. 2008ರಲ್ಲಿ ಸಿನ್ಸಿನಾಟಿಯಲ್ಲಿ ಪಾಲಿಕಾರ್ಬನೇಟ್ ಬಾಟಲಿಗೆ ಕುದಿಯುವ ನೀರು ಹಾಕಿ ನೋಡಿದ್ದರು. ತಣ್ಣೀರಿದ್ದಾಗಿನದಕ್ಕಿಂತ 55 ಪಟ್ಟಿನವರೆಗೂ ಬೇಗ ಬಿಪಿಎ ಇಳಿಯಿತು. ಹೊಸ ಬಾಟಲಿ ಹಳೇ ಬಾಟಲಿ ಅನ್ನೋದು ಅಷ್ಟು ಮುಖ್ಯ ಆಗಲಿಲ್ಲ, ಬಿಸಿಯೇ ಮುಖ್ಯ ಆಯಿತು. ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುವ ಥ್ಯಾಲೇಟ್ ಅನ್ನೋದು ಇನ್ನೊಂದು ಗುಂಪು. ಅವುಗಳಲ್ಲಿ ಕೆಲವು ತಟ್ಟೆಯಲ್ಲಿ ಎಂಸಿಎಫ್-7 ಅನ್ನು ಬೆಳೆಸಿವೆ. ಇವು ನೀರಿಗಿಂತ ಎಣ್ಣೆಗೆ ಸಲೀಸಾಗಿ ಇಳಿಯುತ್ತವೆ.

ಹಾಗಾದರೆ ನಮ್ಮ ಮನೆಗಳಲ್ಲಿ ಮೊದಲು ಏಳಬೇಕಾದ್ದು ಯಾವುದು? ಬಿಸಿ ಎಣಗಾಯಿ ಹಾಕಿ ಮುಚ್ಚಳ ಬಿಗಿಯುವ ಬುತ್ತಿಯ ಡಬ್ಬಿ. ಅದಕ್ಕೆ ಸ್ಟೀಲು. ರೊಟ್ಟಿಗೆ ಡಬ್ಬಿಯೇ ಬೇಡ, ಮೊದಲಿನ ಹಾಗೆ ಬಟ್ಟೆಯಲ್ಲಿ ಬುತ್ತಿಗಂಟು ಕಟ್ಟಿ. ರೊಟ್ಟಿ ಬೆವರೋದೂ ಇಲ್ಲ. ಆಮೇಲೆ ಕೆಂಪಿಂಡಿ ಮತ್ತು ಉಪ್ಪಿನಕಾಯಿ. ಉಪ್ಪು, ಹುಳಿ, ಖಾರ, ಎಣ್ಣೆ ನಾಲ್ಕೂ ಸೇರಿ ವರ್ಷಗಟ್ಟಲೆ ಡಬ್ಬಿಯಲ್ಲಿ ಕೂರುತ್ತವೆ. ಅಟ್ಟದ ಮೇಲೆ ಅಜ್ಜಿಯ ಕಾಲದ ಭರಣಿ ಇದ್ದರೆ ಇಳಿಸಿ, ಇಲ್ಲದಿದ್ದರೆ ಗಾಜಿನ ಬಾಟಲಿ. ಮೂರನೆಯದು ಪಾರ್ಸಲ್ ಚಹಾ. ಕುದಿಯುವ ಚಹಾವನ್ನು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ದಾರ ಕಟ್ಟಿ ಕೊಡುತ್ತಾರಲ್ಲ, ಅದನ್ನು ನೋಡಿದರೆ ನನಗೆ ಆ ಬಾಸ್ಟನ್ ಟ್ಯೂಬೇ ನೆನಪಾಗೋದು. ಆಫೀಸಿನಲ್ಲಿ ಒಂದು ಸ್ಟೀಲ್ ಫ್ಲಾಸ್ಕ್ ಇಡಿ, ಹುಡುಗನ ಕೈಯಲ್ಲಿ ಕಳಿಸಿ. ಕಾಗದದ ಕಪ್ಪಿನ ಒಳಗೂ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ, ಹೋಟೆಲಿನಲ್ಲೇ ಕುಡಿಯೋದಾದರೆ ಗಾಜಿನ ಗ್ಲಾಸು ಕೇಳಿ.

ಕ್ಯಾನ್ ನೀರಿನ ವಿಷಯ ಸ್ವಲ್ಪ ಉದ್ದ ಇದೆ. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರೂ ಕಡೆ ಫಿಲ್ಟರ್ ನೀರಿಲ್ಲದೆ ದಿನ ಹೋಗಲ್ಲ, ಬೋರ್ ನೀರಿನಲ್ಲಿ ಫ್ಲೋರೈಡ್ ಇರೋ ಊರುಗಳಲ್ಲಿ ಅದನ್ನು ಬಿಡಿ ಅಂತ ನಾನು ಹೇಳಲ್ಲ, ಹೇಳಲೂಬಾರದು. ನೀರು ಸರಿ. ಆದರೆ ಕ್ಯಾನು ಏಪ್ರಿಲ್-ಮೇ ತಿಂಗಳ ನಲವತ್ತು ದಾಟಿದ ಬಿಸಿಲಲ್ಲಿ ಟಂಟಂ ಮೇಲೆ, ಅಂಗಡಿ ಮುಂದೆ, ಅಂಗಳದಲ್ಲಿ ಇಡೀ ದಿನ ಕಾಯುತ್ತದೆ. ಕ್ಯಾನಿನ ತಳ ತಿರುಗಿಸಿ ನೋಡಿ. ತ್ರಿಕೋನದೊಳಗೆ 7 ಅಂತ ಇದ್ದು, ಪ್ಲಾಸ್ಟಿಕ್ ಗಟ್ಟಿಯಾಗಿ ನೀಲಿ ಛಾಯೆಯಲ್ಲಿ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಬಹುಮಟ್ಟಿಗೆ ಪಾಲಿಕಾರ್ಬನೇಟ್, ಬಿಪಿಎಯಿಂದ ಮಾಡಿದ್ದು. 1 ಅಂದರೆ ಪೆಟ್, ಅದರಲ್ಲಿ ಬಿಪಿಎ ಬಳಸಲ್ಲ. 2 ಮತ್ತು 5ರಲ್ಲೂ ಬಿಪಿಎ ಬಳಸಲ್ಲ. 3 ಅಂದರೆ ಪಿವಿಸಿ, ಮೆತ್ತಗಿದ್ದರೆ ಥ್ಯಾಲೇಟ್ ಇರಬಹುದು, ಊಟಕ್ಕೆ ಬೇಡ. ನೀರು ತಂದ ಕೂಡಲೇ ಸ್ಟೀಲ್ ಕೊಡಕ್ಕೋ ಮಣ್ಣಿನ ಗಡಿಗೆಗೋ ಸುರಿದುಬಿಡಿ. ನಮ್ಮ ಬೇಸಿಗೆಗೆ ಗಡಿಗೆ ಹೇಗೂ ಬೇಕು.

ಅಂಗಡಿಯವನು 'ಬಿಪಿಎ ಫ್ರೀ' ಅಂತ ತೋರಿಸಿ ಜಾಸ್ತಿ ದುಡ್ಡು ಕೇಳಿದರೆ ಅದಕ್ಕೆ ಕರಗಬೇಡಿ. ಬಿಪಿಎ ತೆಗೆದ ಕಡೆ ಎಷ್ಟೋ ಸಲ ಅದರ ತಮ್ಮಂದಿರಾದ ಬಿಪಿಎಸ್, ಬಿಪಿಎಫ್ ಬಂದು ಕೂತಿರುತ್ತವೆ. ಅವೂ ಅದೇ ಕೀಲಿಗೆ ಕೂರುತ್ತವೆ. ಹಾಲುಡಿಸುವ ಬಾಟಲಿಯಲ್ಲಿ ಬಿಪಿಎ ಇರಬಾರದು ಅಂತ ನಮ್ಮ ದೇಶದ ಮಾನಕ 2015ರಿಂದಲೇ ಹೇಳುತ್ತದೆ. ಯೂರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ದಿನಕ್ಕೆ ಎಷ್ಟು ಬಿಪಿಎ ಆಗಬಹುದು ಅನ್ನುವ ಮಿತಿಯನ್ನು ಒಮ್ಮೆಲೇ 20,000 ಪಟ್ಟು ಇಳಿಸಿತು. ಸ್ತನ ಕ್ಯಾನ್ಸರಿಗಾಗಿ ಅಲ್ಲ, ರೋಗನಿರೋಧಕ ವ್ಯವಸ್ಥೆಗೆ ಆಗುವ ಪರಿಣಾಮ ನೋಡಿ.

ಇಷ್ಟು ಮಾಡಿದರೆ ಏನಾದರೂ ಉಪಯೋಗ ಇದೆಯಾ? 2011ರಲ್ಲಿ ಅಮೆರಿಕದಲ್ಲಿ ಐದು ಕುಟುಂಬಗಳ 20 ಜನರಿಗೆ ಮೂರು ದಿನ ತಾಜಾ ಅಡುಗೆ ಕೊಟ್ಟರು. ಪ್ಲಾಸ್ಟಿಕ್ ಇಲ್ಲ, ಟಿನ್ ಡಬ್ಬಿ ಇಲ್ಲ. ಮೂತ್ರದಲ್ಲಿ ಬಿಪಿಎ ಸರಾಸರಿ 66% ಇಳಿಯಿತು. ಮೂರೇ ದಿನದಲ್ಲಿ! ಇದರಿಂದ ಕ್ಯಾನ್ಸರ್ ತಪ್ಪಿತು ಅಂತ ಅರ್ಥ ಅಲ್ಲ. ಒಳಗೆ ಹೋಗೋದು ಕಡಿಮೆಯಾಯಿತು ಅಂತ ಅಷ್ಟೇ.

ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ ಪೇಪರಿನಲ್ಲಿ ತಿನ್ನೋದರ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಸುದ್ದಿಪತ್ರಿಕೆಯ ಮಸಿ ಊಟಕ್ಕಲ್ಲ. ತಟ್ಟೆಯಲ್ಲಿ ಹಾಕಿಸಿಕೊಳ್ಳಿ. ಮಿರ್ಚಿ ಬಿಡಿ ಅಂತ ಮಾತ್ರ ನನ್ನ ಬಾಯಿಂದ ಬರಲ್ಲ.

ಹೆಜ್ಜೆ 5: ಹೊಲದ 'ಎಣ್ಣೆ'

ನಮ್ಮ ಕಡೆ ಎಣ್ಣೆ ಹೊಡೆಯೋದು ಅಂದರೆ ಕೀಟನಾಶಕ ಸಿಂಪಡಿಸೋದು. ಸಿಂಧನೂರು, ಗಂಗಾವತಿ, ಸಿರುಗುಪ್ಪದ ಭತ್ತ, ರಾಯಚೂರಿನ ಹತ್ತಿ, ಬಳ್ಳಾರಿ ಕಡೆಯ ಮೆಣಸಿನಕಾಯಿ, ಯಾವುದೂ ಎಣ್ಣೆ ಇಲ್ಲದೆ ಬರಲ್ಲ ಅನ್ನುವ ಹಾಗಾಗಿದೆ. ನಗರದವರ ಲೇಖನಗಳಲ್ಲಿ ಈ ಭಾಗ ಒಂದು ಸಾಲಿನಲ್ಲಿ ಮುಗಿಯುತ್ತದೆ. ನಮಗೆ ಅಡುಗೆಮನೆಗಿಂತ ಇದೇ ದೊಡ್ಡದು.

ಎಂಡೋಸಲ್ಫಾನ್ ಎಂಸಿಎಫ್-7 ಕೋಶಗಳನ್ನು ಹೆಚ್ಚಿಸುತ್ತದೆ ಅಂತ ಅದೇ ಸೊಟೊ ಅವರ ತಂಡ 1994ರಲ್ಲಿ ತೋರಿಸಿತ್ತು. ಹತ್ತಿಗೆ ಅದನ್ನು ಎಷ್ಟು ಹೊಡೆದಿದ್ದೇವೆ ಅಂತ ಐವತ್ತು ದಾಟಿದ ರೈತರನ್ನು ಕೇಳಿ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸಿತು. ಡಿಡಿಟಿ ಬೆಳೆಗೆ ಬಳಸೋದು 1989ರಲ್ಲೇ ನಿಂತಿದೆ, ಆದರೆ ಮಲೇರಿಯಾ ಸೊಳ್ಳೆಗೆ ಅಂತ ಮನೆ ಗೋಡೆಗೆ ಹೊಡೆಯೋಕೆ ಬರುತ್ತಿದ್ದದ್ದು ನಮಗೆಲ್ಲ ನೆನಪಿದೆ. ಇವು ಬಿಪಿಎ ತರ ಗಂಟೆಗಳಲ್ಲಿ ಹೋಗುವ ಜಾತಿ ಅಲ್ಲ. ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ.

ಡಬ್ಬಿಯ ಮೇಲಿನ ಬಣ್ಣದ ತ್ರಿಕೋನ ನೋಡಿ ಕೊಳ್ಳುವವರು ಒಂದು ವಿಷಯ ತಿಳಿದಿರಲಿ. ಕೆಂಪು, ಹಳದಿ, ನೀಲಿ, ಹಸಿರು ಹೇಳುವುದು ಒಮ್ಮೆಗೆ ಹೊಟ್ಟೆಗೆ ಹೋದರೆ ಎಷ್ಟು ವಿಷ ಅನ್ನೋದನ್ನು. ಹಾರ್ಮೋನಿನ ಕೀಲಿಗೆ ಕೂರುತ್ತದೋ ಇಲ್ಲವೋ ಅನ್ನೋದನ್ನು ಅದು ಹೇಳಲ್ಲ. ಹಸಿರು ಅಂದ ಕೂಡಲೇ ಬರಿಗೈಯಲ್ಲಿ ಕಲಸಬೇಡಿ.

ಹೆಂಗಸರಿಗೆ ಇದು ಬರೋ ದಾರಿಗಳೇ ಬೇರೆ. ಎಣ್ಣೆ ಹೊಡೆಯೋರು ಗಂಡಸರು, ಸರಿ. ಕಲಸೋಕೆ ನೀರು ಹೊತ್ತು ತರೋರು ಯಾರು? ಮಾರನೇ ದಿನ ಅದೇ ಸಾಲಿನಲ್ಲಿ ಕಳೆ ತೆಗೆಯೋರು, ಹತ್ತಿ ಬಿಡಿಸೋರು ಯಾರು? ಎಣ್ಣೆ ಮೆತ್ತಿದ ಅಂಗಿಯನ್ನು ಬರಿಗೈಯಲ್ಲಿ ಉಜ್ಜೋರು ಯಾರು? ಆ ಅಂಗಿಯನ್ನು ಮನೆಯವರ ಬಟ್ಟೆ ಜೊತೆ ನೆನೆಹಾಕಬೇಡಿ. ಬೇರೆ ಬಕೆಟ್ಟು, ಕೈಗೆ ರಬ್ಬರ್ ಗ್ಲೌಸು, ಎರಡು ಸಲ ನೀರು. ಹೊಡೆದವರೇ ತೊಳೆದುಕೊಂಡರೆ ಇನ್ನೂ ಒಳ್ಳೆಯದು, ಇದನ್ನು ಮನೆಯಲ್ಲಿ ಹೇಳಿ ನೋಡಿ. ಎಣ್ಣೆ ಹೊಡೆದ ಹೊಲಕ್ಕೆ ಎಷ್ಟು ಹೊತ್ತು ಇಳಿಯಬಾರದು, ಎಷ್ಟು ದಿನ ಕಾಯಿ ಕೀಳಬಾರದು ಅಂತ ಲೇಬಲ್ಲಿನ ಹಾಳೆಯಲ್ಲಿ ಬರೆದಿರುತ್ತದೆ. ಅಕ್ಷರ ಸಣ್ಣದು, ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಬಸುರಿಯರು, ಎಳೆ ಹುಡುಗಿಯರು ಆ ವಾರ ಆ ಹೊಲಕ್ಕೆ ಬೇಡವೇ ಬೇಡ. ಕೂಲಿ ಹೋಗುತ್ತದೆ ಅಂತ ಗೊತ್ತು. ಅದಕ್ಕೇ ಹೊಲದ ಯಜಮಾನರು ಬೇರೆ ಕೆಲಸ ಕೊಡಬೇಕು ಅಂತ ಅವರಿಗೂ ಹೇಳುತ್ತಿದ್ದೇನೆ.

ಖಾಲಿ ಎಣ್ಣೆ ಡಬ್ಬಿ ಇನ್ನೂ ಎಷ್ಟೋ ಮನೆಗಳಲ್ಲಿ ಬಯಲಿಗೆ ಒಯ್ಯೋಕೆ, ಸೀಮೆಎಣ್ಣೆ ತುಂಬೋಕೆ, ಕೆಲವು ಕಡೆ ಕುಡಿಯುವ ನೀರಿಗೂ ಬಳಕೆಯಲ್ಲಿದೆ. ಎಷ್ಟು ತೊಳೆದರೂ ಅದು ಮನೆಗೆ ಆಗಲ್ಲ. ಮೂರು ಸಲ ತೊಳೆದು ಆ ನೀರನ್ನು ಪಂಪಿನ ಟ್ಯಾಂಕಿಗೇ ಹಾಕಿ, ಡಬ್ಬಿಗೆ ತೂತು ಮಾಡಿ. ಸುಡಬೇಡಿ. ಒಲೆ ಹೊತ್ತಿಸೋಕೆ ಪ್ಲಾಸ್ಟಿಕ್ ಚೀಲ ಹಾಕೋದೂ ಬೇಡ, ಪಿವಿಸಿ ಅದರಲ್ಲಿ ಸೇರಿದ್ದರೆ ಡಯಾಕ್ಸಿನ್ ಬರುತ್ತದೆ, ಅದು ಕ್ಯಾನ್ಸರ್ ತರುವ ವಸ್ತು ಅಂತ ಸಾಬೀತಾಗಿರುವಂಥದ್ದು.

ತರಕಾರಿಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಮೇಲಿನದು ಸ್ವಲ್ಪ ಹೋಗುತ್ತದೆ. ಗಿಡದೊಳಗೆ ಹೀರಿಕೊಂಡದ್ದು ಹೋಗಲ್ಲ.

ಹೆಜ್ಜೆ 6: ಮುಖಕ್ಕೆ, ಕೈಗೆ

ಇದು ಸುಲಭ. 2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 100 ಹುಡುಗಿಯರಿಗೆ ಮೂರು ದಿನ ಪ್ಯಾರಾಬೆನ್, ಥ್ಯಾಲೇಟ್ ಇಲ್ಲದ ಸೋಪು, ಶಾಂಪೂ, ಕ್ರೀಮು ಕೊಟ್ಟು ನೋಡಿದರು. ಮೂತ್ರದಲ್ಲಿ ಎರಡು ಬಗೆಯ ಪ್ಯಾರಾಬೆನ್ 44-45% ಇಳಿದವು. 2023ರಲ್ಲಿ ಬಂದ ಇನ್ನೊಂದು ಕೆಲಸ ನನಗೆ ಇದಕ್ಕಿಂತ ಹಿಡಿಸಿತು. ಆರೋಗ್ಯವಾಗಿದ್ದ ಹೆಂಗಸರು 28 ದಿನ ಇಂಥವನ್ನು ಬಿಟ್ಟರು, ಮೊದಲೂ ಆಮೇಲೂ ಸ್ತನದಿಂದ ಸೂಜಿಯಲ್ಲಿ ಕೋಶ ತೆಗೆದು ನೋಡಿದರು. ಕ್ಯಾನ್ಸರಿನ ಕಡೆ ವಾಲಿದಂತಿದ್ದ ಕೆಲವು ಜೀನ್‌ಗಳ ನಡವಳಿಕೆ ವಾಪಸ್ ಸರಿ ದಾರಿಗೆ ಬಂದಿತ್ತು. ಸಣ್ಣ ಅಧ್ಯಯನ, ಆದರೆ ತಟ್ಟೆಯದಲ್ಲ.

ಲೇಬಲ್ಲಿನಲ್ಲಿ ಹೆಸರಿನ ಕೊನೆಗೆ 'ಪ್ಯಾರಾಬೆನ್' ಅಂತ ಇದೆಯಾ ನೋಡಿ. ಬರೀ 'ಸುಗಂಧ' ಅಂತ ಬರೆದಿದ್ದರೆ ಅದರೊಳಗೆ ಥ್ಯಾಲೇಟ್ ಇದ್ದರೂ ನಮಗೆ ಗೊತ್ತಾಗಲ್ಲ. ಹುಡುಗಿಯರಿಗೆ ಸೆಂಟು ಕಡಿಮೆ ಇರಲಿ. ಬಳ್ಳಾರಿಯ ಹೊಸ ಜೀನ್ಸ್ ಆಗಲಿ ಎಲ್ಲಿಯದೇ ಆಗಲಿ, ಹಾಕಿಕೊಳ್ಳೋ ಮೊದಲು ಒಮ್ಮೆ ಒಗೆಯಿರಿ. ಜವಳಿ ಕೆಲಸದ ಕೆಲವು ಸೋಪುಗಳು ಒಡೆದು ನೊನೈಲ್‌ಫೀನಾಲ್ ಆಗುತ್ತವೆ, ಯೂರೋಪು 2021ರಿಂದ ಬಟ್ಟೆಯಲ್ಲಿ ಉಳಿಯುವ ಆ ಸೋಪುಗಳಿಗೆ ಮಿತಿ ಹಾಕಿದೆ. ಎಟಿಎಂ, ಪೆಟ್ರೋಲ್ ಬಂಕಿನ ನುಣುಪು ಚೀಟಿಗೆ ಬಿಪಿಎ ಅಥವಾ ಬಿಪಿಎಸ್ ಪುಡಿ ಬಳಿದಿರಬಹುದು. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಹಿಡಿದರೆ ಚರ್ಮಕ್ಕೆ ಜಾಸ್ತಿ ಇಳಿಯುತ್ತದೆ. ಬಿಲ್ ಬೇಡ ಅನ್ನಿ. ದಿನಾ ನೂರು ಬಿಲ್ ಹರಿಯುವ ಕೌಂಟರಿನ ಹುಡುಗಿಯರು ಊಟಕ್ಕೆ ಮೊದಲು ಸೋಪಿನಲ್ಲಿ ಕೈ ತೊಳೆದುಕೊಳ್ಳಿ.

ಹೆಜ್ಜೆ 7: ಮನೆಯಲ್ಲಿ ಯಾರಿಗಾದರೂ ಈಗಾಗಲೇ ಕಾಯಿಲೆ ಇದ್ದರೆ

ರಿಪೋರ್ಟಿನಲ್ಲಿ ಇಆರ್, ಪಿಆರ್ (ಪ್ರೊಜೆಸ್ಟೆರಾನ್ ಅನ್ನುವ ಇನ್ನೊಂದು ಹಾರ್ಮೋನಿನ ಕೀಲಿ), ಹರ್-2 (ಕೋಶ ಬೆಳೆಸುವ ಇನ್ನೊಂದು ಪ್ರೋಟೀನ್) ಅಂತ ಮೂರು ಸಾಲು ಹುಡುಕಿ. ಇಆರ್ ಪಾಸಿಟಿವ್ ಇದ್ದರೆ ಅದು ಕೆಟ್ಟ ಸುದ್ದಿ ಅಲ್ಲ, ಹಾರ್ಮೋನ್ ತಡೆಯುವ ಮಾತ್ರೆ ಕೆಲಸ ಮಾಡುವ ಸಾಧ್ಯತೆ ಜಾಸ್ತಿ ಅಂತ ಅರ್ಥ. ಟ್ಯಾಮಾಕ್ಸಿಫೆನ್ ಆ ಕೀಲಿಯಲ್ಲಿ ತಾನೇ ಕೂತು ಬೇರೆ ಕೀಲಿಕೈ ಹೋಗದಂತೆ ಅಡ್ಡ ಆಗುತ್ತದೆ. ಲೆಟ್ರೊಜೋಲ್ ಈಸ್ಟ್ರೋಜನ್ ತಯಾರಾಗೋದನ್ನೇ ತಡೆಯುತ್ತದೆ. ಐದು ವರ್ಷ, ಕೆಲವರಿಗೆ ಅದಕ್ಕೂ ಜಾಸ್ತಿ, ದಿನಾ ನುಂಗಬೇಕು. ಮೈ ಬಿಸಿಯೇರುತ್ತದೆ, ಕೀಲು ನೋಯುತ್ತದೆ ಅಂತ ನಡುವೆ ಬಿಡೋರು ತುಂಬ ಜನ. ಬಿಡಬೇಡಿ. ತೊಂದರೆ ಆದರೆ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆ ಇದೆ.

2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಅಪಾಯ ಜಾಸ್ತಿ ಇದ್ದ ಹೆಂಗಸರ ಸ್ತನ ಕೋಶಗಳನ್ನು ತಟ್ಟೆಯಲ್ಲಿ ಬಿಪಿಎ ಜೊತೆ ಇಟ್ಟಾಗ ಟ್ಯಾಮಾಕ್ಸಿಫೆನ್ನಿನ ಏಟಿನಿಂದ ಅವು ಸ್ವಲ್ಪ ತಪ್ಪಿಸಿಕೊಂಡವು. ಇದನ್ನು ಓದಿ ಮಾತ್ರೆ ಕೆಲಸ ಮಾಡಲ್ಲ ಅಂದುಕೊಳ್ಳಬೇಡಿ, ಮಾತ್ರೆ ಕೆಲಸ ಮಾಡುತ್ತದೆ ಅನ್ನೋದು ಸಾವಿರಾರು ಹೆಂಗಸರಲ್ಲಿ ನೋಡಿ ಆಗಿದೆ. ಬುತ್ತಿಗೆ ಸ್ಟೀಲ್ ಡಬ್ಬಿ ತರೋಕೆ ಇನ್ನೊಂದು ಕಾರಣ ಅಂತ ಇಟ್ಟುಕೊಳ್ಳಿ. ಮೈಯಿಂದ ವಿಷ ತೆಗೀತೀವಿ ಅಂತ ಪುಡಿ, ಕಷಾಯ ಮಾರೋರಿಗೆ ದುಡ್ಡು ಕೊಡಬೇಡಿ. ಮಾತ್ರೆಯ ಜೊತೆ ಯಾವ ಬೇರು-ಪುಡಿಯನ್ನೂ ಡಾಕ್ಟರನ್ನು ಕೇಳದೆ ತಗೊಳ್ಳಬೇಡಿ. ಸೋಯಾದಲ್ಲೂ ಈಸ್ಟ್ರೋಜನ್ನಿನಂಥ ವಸ್ತು ಇದೆ ಅಂತಾರೆ, ಆದರೆ ಊಟದ ಸೋಯಾ ಬಗ್ಗೆ ಭಯ ಬೇಡ, ಸೋಯಾ ಮಾತ್ರೆಗಳು ಬೇಡ.

ಹೆಜ್ಜೆ 8: ಇದನ್ನು ಕೊನೆಗಿಟ್ಟೆ, ಆದರೆ ಮಾಡಬೇಕಾದ್ದು ಮೊದಲು

2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಒಂದು ವರ್ಷಕ್ಕೆ ಸುಮಾರು 1.92 ಲಕ್ಷ ಹೆಂಗಸರಿಗೆ ಹೊಸದಾಗಿ ಸ್ತನ ಕ್ಯಾನ್ಸರ್. ವಯಸ್ಸು, ಮನೆತನ, ಮುಟ್ಟು ನಿಂತ ಮೇಲಿನ ಬೊಜ್ಜು, ಮದ್ಯ, ಇವುಗಳ ತೂಕ ಡಬ್ಬಿಗಿಂತ ಸ್ಪಷ್ಟವಾಗಿ ಗೊತ್ತಿರುವಂಥದ್ದು. ಮಗುವಿಗೆ ಎದೆಹಾಲು ಕೊಡೋದರಿಂದ ಅಪಾಯ ಇಳಿಯುತ್ತದೆ, ಅದೂ ಗೊತ್ತಿರುವಂಥದ್ದೇ. ಗಂಟು ಬೇಗ ಸಿಕ್ಕರೆ ಆಗುವ ಲಾಭ ಯಾವ ಸ್ಟೀಲ್ ಡಬ್ಬಿಯಿಂದಲೂ ಸಿಗಲ್ಲ.

ಮೂವತ್ತು ದಾಟಿದವರು ಊರಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಸ್ತನ ಪರೀಕ್ಷೆ ಮಾಡಿ ಅಂತ ಕೇಳಿ, ಅದು ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಆಶಾ ಅಕ್ಕನ ಜೊತೆ ನಾಲ್ಕು ಜನ ಸೇರಿ ಹೋದರೆ ನಾಚಿಕೆ ಇರಲ್ಲ. ನೋವಿಲ್ಲದ ಗಂಟು, ಚರ್ಮ ಒಳಗೆ ಎಳೆದಂತೆ ಆಗೋದು, ತೊಟ್ಟು ಒಳಗೆ ಹೋಗೋದು, ರಕ್ತ ಬರೋದು, ಕಂಕುಳಲ್ಲಿ ಗಡ್ಡೆ, ಇವುಗಳಲ್ಲಿ ಯಾವುದು ಕಂಡರೂ ತಡ ಮಾಡಬೇಡಿ. ನೋವಿಲ್ಲ ಅಂತಲೇ ನಮ್ಮ ಚಿಗವ್ವ ಏಳು ತಿಂಗಳು ಸುಮ್ಮನಿದ್ದಳು. ರಾಯಚೂರಿನವರಿಗೆ ರಿಮ್ಸ್, ಕೊಪ್ಪಳದವರಿಗೆ ಅಲ್ಲಿಯ ಮೆಡಿಕಲ್ ಕಾಲೇಜು ಆಸ್ಪತ್ರೆ, ಬಳ್ಳಾರಿಯವರಿಗೆ ಹಳಬರು ವಿಮ್ಸ್ ಅನ್ನೋ ಆಸ್ಪತ್ರೆ ಇದೆ. ಬೆಂಗಳೂರಿನ ಕಿದ್ವಾಯಿಯ ಒಂದು ಕೇಂದ್ರ ಕಲಬುರಗಿಯಲ್ಲೂ ಇದೆ. ಹೋಗುವಾಗ ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ.

ಹೋದ ವಾರ ಸಿಂಧನೂರಿಗೆ ಹೋಗಿದ್ದೆ. ಕೆಂಪಿಂಡಿ ಭರಣಿಗೆ ಬಂದಿದೆ, ಬುತ್ತಿ ಸ್ಟೀಲಿಗೆ. ಹಳೇ ಪ್ಲಾಸ್ಟಿಕ್ ಡಬ್ಬಿಗಳನ್ನು ಎಸೆದೆಯಾ ಅಂತ ಕೇಳಿದೆ. ಚಿಗವ್ವ ನಗುತ್ತ ಗೂಡಿನ ಕಡೆ ಕೈ ತೋರಿಸಿದಳು. ಒಂದರಲ್ಲಿ ಸೂಜಿ-ದಾರ, ಒಂದರಲ್ಲಿ ಸವತೆ ಬೀಜ, ದೊಡ್ಡದರಲ್ಲಿ ದವಾಖಾನೆ ಫೈಲು ಮತ್ತು ಟ್ಯಾಮಾಕ್ಸಿಫೆನ್ ಚೀಟಿಗಳು.

"ಅದ್ರಾಗ ಬಿಸೀದು ಏನೂ ಹಾಕಂಗಿಲ್ಲಲ್ಲ, ಇರ್ಲಿ ಬಿಡು."